ದೊಡ್ಡಪ್ಪನ ಹೆಸರು

ಮುಳ್ಳಕ್ಕ ಎಂದು ಅವಳಿಗೆ ಹೆಸರಿಟ್ಟವರು ಹಾಲಿನ ಫ್ಯಾಕ್ಟರಿಯ ಹುಡುಗರು. ಕಾವು, ಒತ್ತಡ ತೋರಿಸುವ ಗೇಜುಗಳ ಮುಳ್ಳು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುತ್ತದೆಯೋ ಇಲ್ಲವೋ ನೋಡುವುದು, ನಿಲ್ಲದಿದ್ದರೆ ಬಿಚ್ಚಿ ಸರಿಪಡಿಸುವುದು ಅವಳ ಕಸುಬು. ಮಾತೂ ಸ್ವಲ್ಪ ಚುಚ್ಚುವಂಥದ್ದೇ. ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮುಳ್ಳಕ್ಕ. ಅವಳಿಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಎಲ್ಲಿಯೂ ಅವಳು ಕಾಯಂ ಅಲ್ಲ. ಇಲ್ಲಿ ಮೂರು ತಿಂಗಳ ಗುತ್ತಿಗೆ, ಅಲ್ಲಿ ಆರು ತಿಂಗಳದ್ದು. ಫ್ಯಾಕ್ಟರಿ ಯಾವ ಊರಿನಲ್ಲೋ ಆ ಊರಿನಲ್ಲೊಂದು ಬಾಡಿಗೆ ಕೋಣೆ, ಗೋಡೆಗೆ ಒರಗಿದರೆ ಬೆನ್ನಿಗೆಲ್ಲ ಸುಣ್ಣ. ಗಂಡ ದರ್ಜಿ, ಅಂಗಡಿ ಎತ್ತಿದರೆ ಗಿರಾಕಿಗಳು ಕೈಬಿಡುತ್ತಾರೆ, ಹಾಗಾಗಿ ಅವನೂ ಮಗಳೂ ಊರಿನಲ್ಲೇ. ಅವಳು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಮಗಳು ಕೇಳುತ್ತಿದ್ದಳು, "ಈ ಸಲ ಎಷ್ಟು ದಿನ ಇರ್ತೀಯಮ್ಮ?" ನೆಂಟರನ್ನು ಕೇಳುವ ಪ್ರಶ್ನೆ. ಹುಡುಗಿ ಹೈಸ್ಕೂಲಿಗೆ ಬಂದ ಮೇಲೆ ಅದನ್ನೂ ಕೇಳುವುದು ಬಿಟ್ಟಳು. ಬೇಕಾದದ್ದನ್ನೆಲ್ಲ ಪಕ್ಕದ ಮನೆಯ ಅತ್ತೆಯ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಮುಳ್ಳಕ್ಕನಿಗೆ ಸಿಟ್ಟು ಬರುತ್ತಿತ್ತು. ಯಾರನ್ನು ಬೈಯುವುದು?

ಬೈಯುವುದಕ್ಕೆ ಏಜೆಂಟರಿದ್ದರು. ಗುತ್ತಿಗೆಯವರಿಗೆ ಕೆಲಸ ಕೊಡಿಸುವವರು ಇವರು. ಕೊಡಿಸುವವರು ಎನ್ನುವುದು ಮರ್ಯಾದೆಯ ಮಾತು. ಅರ್ಧಕ್ಕರ್ಧ ಫೋನುಗಳು ಕೆಲಸ ಕೊಡಿಸಲಿಕ್ಕಲ್ಲ, ಕೆಲಸ ಎಲ್ಲಿದೆ ಎಂದು ಗುತ್ತಿಗೆಯವರ ಬಾಯಿಂದಲೇ ತಿಳಿದುಕೊಳ್ಳಲಿಕ್ಕೆ. ಮೊದಮೊದಲು ಮುಳ್ಳಕ್ಕನೂ ಬೇಸ್ತು ಬಿದ್ದಿದ್ದಳು. "ಬೇರೆ ಎಲ್ಲೆಲ್ಲಿ ಇಂಟರ್ವ್ಯೂ ಕೊಟ್ಟಿದ್ದೀರಿ ಮೇಡಂ?" ಎಂದು ಒಬ್ಬ ನಯವಾಗಿ ಕೇಳಿದ, ಇವಳು ನಂಬಿ ಹೇಳಿದಳು. ಸಂಜೆಯೊಳಗೆ ಅವನು ಅದೇ ಕಂಪನಿಗೆ ಇವಳಿಗಿಂತ ಕಡಿಮೆ ಸಂಬಳಕ್ಕೆ ಬರುವವನೊಬ್ಬನನ್ನು ಕಳಿಸಿದ್ದ. ಇನ್ನೊಬ್ಬ ರೆಫರೆನ್ಸ್ ಕೇಳಿದ: ನಿಮ್ಮ ಕೆಲಸ ಕಂಡ ಮ್ಯಾನೇಜರ್ ಯಾರು, ಅವರ ನಂಬರೇನು? ಕೊಟ್ಟಳು. ಆ ಪುಣ್ಯಾತ್ಮ ಮ್ಯಾನೇಜರಿಗೆ ದಿನ ಬೆಳಗಾದರೆ ಫೋನು ಮಾಡಿ, ಇವಳ ವಿಚಾರ ಒಂದಕ್ಷರ ಕೇಳದೆ, "ಜನ ಬೇಕಾ ಸಾರ್, ಜನ ಬೇಕಾ" ಎಂದು ಪ್ರಾಣ ತಿಂದ. ಮುಂದಿನ ಸಲ ಇವಳು ಆ ಫ್ಯಾಕ್ಟರಿಗೆ ಹೋದಾಗ ಮ್ಯಾನೇಜರ್ ಮುಖ ಕೊಟ್ಟು ಮಾತಾಡಲಿಲ್ಲ. ಗೇಟಿನಿಂದಲೇ ವಾಪಸ್ಸು ಬಂದಳು.

ಅಂದಿನಿಂದ ಅವಳದೊಂದು ಕಟ್ಟುನಿಟ್ಟು. "ಕಂಪನಿಯವರು ಮೊದಲು ನನ್ನ ಮುಖ ನೋಡ್ಲಿ, ಕೆಲಸ ಕೊಡ್ತೀವಿ ಅನ್ಲಿ, ಆಮೇಲೆ ಹೆಸರು ಕೊಡ್ತೀನಿ," ಎನ್ನುತ್ತಿದ್ದಳು. ಜೊತೆಯ ಗುತ್ತಿಗೆಯವರಿಗೂ ಟೀ ಅಂಗಡಿಯಲ್ಲಿ ನಿಂತು ಇದೇ ಪಾಠ. ಹಟಕ್ಕೆ ಬಿದ್ದು ಕೈಗೆ ಬಂದ ಕೆಲಸಗಳನ್ನು ಕಳೆದುಕೊಂಡದ್ದೂ ಉಂಟು. ಆದರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಅವಳ ಹತ್ತಿರ ಉಳಿದಿದ್ದದ್ದು ಒಂದೇ ಹೆಸರು, ಅದು ದೊಡ್ಡಪ್ಪನದು.

ದೊಡ್ಡಪ್ಪ ಎಂದರೆ ಸಂಬಂಧಿಯಲ್ಲ. ಹಾಲಿನ ಫ್ಯಾಕ್ಟರಿಯ ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥರು. ಕೆಲಸದವರೆಲ್ಲ ಹಾಗೆ ಕರೆಯುತ್ತಿದ್ದರು. ಒಮ್ಮೆ ಹಾಲು ಕಾಯಿಸುವ ಯಂತ್ರದ ಗೇಜು ತಪ್ಪು ತೋರಿಸುತ್ತಿದೆ, ಲೈನು ನಿಲ್ಲಿಸಿ ಎಂದು ಇವಳು ಬರೆದುಕೊಟ್ಟಾಗ ಮೇಲಿನವರು ಕೂಗಾಡಿದ್ದರು. ಗುತ್ತಿಗೆಯವಳ ಮಾತಿಗೆ ಇಡೀ ಲೈನು ನಿಲ್ಲಿಸಬೇಕೇ ಎಂದು. "ನಿಲ್ಲಿಸು ಅಂದವನು ನಾನು. ಬೈಯೋದಿದ್ರೆ ನನ್ನ ಬೈರಿ," ಎಂದು ದೊಡ್ಡಪ್ಪ ಅಡ್ಡ ನಿಂತರು. ಗುತ್ತಿಗೆ ಮುಗಿದ ದಿನ ಗೇಟಿನ ತನಕ ಬಂದು, "ಎಲ್ಲಿ ಬೇಕಾದ್ರೂ ನನ್ನ ಹೆಸರು ಹೇಳಮ್ಮ, ನಾನಿದ್ದೀನಿ," ಎಂದರು. ಅಂಥವರನ್ನು ಏಜೆಂಟರ ಬಾಯಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ವರ್ಷಗಟ್ಟಲೆ ಆ ಹೆಸರನ್ನು ಅವಳು ಜೋಪಾನ ಮಾಡಿದಳು.

ಹೀಗಿರುವಾಗ ಅವಳದೇ ಊರಿನ ಅಂಚಿನಲ್ಲಿ ಒಂದು ಔಷಧಿ ಫ್ಯಾಕ್ಟರಿ ಶುರುವಾಯಿತು. ಗೇಜುಗಳ ವಿಭಾಗ ನೋಡಿಕೊಳ್ಳಲು ಒಬ್ಬರು ಬೇಕು, ಕಾಯಂ ಕೆಲಸ. ಮನೆಯಿಂದ ಬಸ್ಸಿನಲ್ಲಿ ಹೋಗಿ, ಸಂಜೆ ಮನೆಗೇ ಬರಬಹುದು. ಮುಳ್ಳಕ್ಕನಿಗೆ ಆಗ ಕೆಲಸವಿರಲಿಲ್ಲ. ಸುದ್ದಿ ಕೇಳಿ ಹಿಗ್ಗಿದಳು. ಸಂಜೆ ಮನೆಯಲ್ಲಿದ್ದರೆ ಮಗಳು ನಿಧಾನಕ್ಕಾದರೂ ತನ್ನ ಕಡೆ ತಿರುಗುತ್ತಾಳೆ, ಇನ್ನೂ ಕಾಲ ಮಿಂಚಿಲ್ಲ ಎಂದುಕೊಂಡಳು.

ಆಳುಗಳನ್ನು ಆರಿಸುವ ಕೆಲಸ ಕಂಪನಿ ಒಬ್ಬ ಏಜೆಂಟನಿಗೆ ವಹಿಸಿತ್ತು. ಎರಡು ಮಾತಿಗೊಂದು ಮೇಡಂ ಸೇರಿಸುವ ಆಸಾಮಿ. "ನಿಮ್ಮ ಅನುಭವ ಸೂಪರ್ ಮೇಡಂ. ಒಂದು ರೆಫರೆನ್ಸ್ ಕೊಟ್ಬಿಡಿ ಮೇಡಂ, ಕಳಿಸ್ತೀನಿ."

"ಇಂಟರ್ವ್ಯೂ ಆಗ್ಲಿ, ಆಮೇಲೆ ಕೊಡ್ತೀನಿ."

"ಹಾಗಾದ್ರೆ ನಿಮ್ಮ ಹೆಸರು ಮುಂದಕ್ಕೆ ಹೋಗಲ್ಲ ಮೇಡಂ. ಶುಕ್ರವಾರ ಕೊನೇ ದಿನ."

ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ. "ಆ ಹೆಸರಿಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಇಂಥ ಹೊತ್ತಿಗಲ್ದೆ ಇನ್ಯಾವಾಗ?" ಎಂದ. ಮಾತು ಸರಿಯಾಗಿಯೇ ಇತ್ತು.

ಶುಕ್ರವಾರ ಬೆಳಿಗ್ಗೆ ಅವಳು ಮೊದಲು ದೊಡ್ಡಪ್ಪನಿಗೇ ಫೋನು ಮಾಡಿದಳು. ಹೇಳದೆ ಕೇಳದೆ ನಂಬರು ಕೊಡುವ ಜಾತಿಯಲ್ಲ ಅವಳದು. ಅವರಿಗೆ ಖುಷಿಯಾಯಿತು. "ಧಾರಾಳವಾಗಿ ಕೊಡಮ್ಮ. ನಾನು ಹೇಳ್ತೀನಿ," ಎಂದರು. ಫ್ಯಾಕ್ಟರಿ ಹೇಗಿದೆ ಎಂದರೆ, "ನಡೀತಿದೆ," ಎಂದರು. ಹಿಂದೆ ಯಂತ್ರದ ಸದ್ದಿರಲಿಲ್ಲ, ಕುಕ್ಕರ್ ಕೂಗಿದ್ದು ಕೇಳಿಸಿತು. ರಜೆ ಹಾಕಿರಬೇಕು ಎಂದುಕೊಂಡು ಇವಳು ಏಜೆಂಟನಿಗೆ ಹೆಸರು ಕೊಟ್ಟಳು.

ಇಂಟರ್ವ್ಯೂಗೆ ಕರೆ ಬರಲಿಲ್ಲ. ಏಜೆಂಟ್ ಫೋನು ಎತ್ತಲಿಲ್ಲ. ಅವನೇನು ದೊಡ್ಡಪ್ಪನ ತಲೆ ತಿನ್ನುತ್ತಿದ್ದಾನೋ ಎಂಬ ಸಂಕಟ ಬೇರೆ. ವಾರ ಕಳೆದ ಮೇಲೆ ದೊಡ್ಡಪ್ಪನ ಫೋನೇ ಬಂತು. ಎತ್ತಿದವಳೇ, "ಸಾರ್, ತುಂಬಾ ತೊಂದ್ರೆ ಕೊಟ್ನಾ ಅವನು?" ಎಂದು ಕೇಳಿದಳು.



"ನನ್ನ ಕೆಲಸ ಹೋಗಿ ನಾಲ್ಕು ತಿಂಗಳಾಯ್ತಮ್ಮ," ಎಂದರು ದೊಡ್ಡಪ್ಪ. "ಅವತ್ತು ನಿನ್ನ ಹತ್ರ ಹೇಳಕ್ಕೆ ನಾಚಿಕೆ ಆಯ್ತು. ಆ ಹುಡುಗ ಫೋನ್ ಮಾಡ್ದ, ನಿನ್ನ ಬಗ್ಗೆ ಒಳ್ಳೇದೇ ಹೇಳ್ದೆ. ಆಣೆ ಮಾಡ್ತೀನಿ ಬೇಕಾದ್ರೆ. ಆಮೇಲೆ ಅವನು, ನಿಮ್ಮ ಕಡೆ ಏನಾದ್ರೂ ಕೆಲಸ ಖಾಲಿ ಇದ್ಯಾ ಸಾರ್ ಅಂದ. ನಾನೇ ಮನೇಲಿ ಕೂತಿದ್ದೀನಪ್ಪಾ ಅಂದ್ಬಿಟ್ಟೆ. ಬಾಯಿಂದ ಬಂದ್ಬಿಡ್ತು."

ಮುಂದಿನದು ಹೇಳದಿದ್ದರೂ ತಿಳಿಯುವಂತಿತ್ತು. ಇವಳಿಗೆ ಕೊಡುವ ಸಂಬಳಕ್ಕೇ ವಿಭಾಗದ ಮುಖ್ಯಸ್ಥರೊಬ್ಬರು ಸಿಗುತ್ತಾರೆಂದರೆ ಯಾವ ಕಂಪನಿ ಬಿಡುತ್ತದೆ? ದೊಡ್ಡಪ್ಪ ಆಗಲೇ ಅಲ್ಲಿ ಇಂಟರ್ವ್ಯೂ ಮುಗಿಸಿ ಬಂದಿದ್ದರು.

"ಅದು ನನಗೆ ಅಂತ ಇದ್ದ ಕೆಲಸ ಅಂತ ನಿಮಗೆ ಗೊತ್ತಿತ್ತಲ್ವಾ ಸಾರ್."

"ಗೊತ್ತಿತ್ತಮ್ಮ. ನಿನಗೆ ವಯಸ್ಸಿದೆ, ಇನ್ನೊಂದು ಸಿಗುತ್ತೆ. ನನ್ನ ನರೆತ ತಲೆ ನೋಡಿದ್ರೆ ಯಾರು ಒಳಗೆ ಬಿಡ್ತಾರೆ ಹೇಳು. ಇನ್ನೊಂದು ವಿಷಯ ಇದೆ. ಕೇಳಕ್ಕೆ ಮುಖ ಇಲ್ಲ. ಕೈಕೆಳಗೆ ಕೆಲಸ ಮಾಡಿದವರೊಬ್ಬರ ಮಾತು ಬೇಕಂತೆ, ಕಂಪನಿ ನಿಯಮವಂತೆ. ಹುಡುಗರ ನಂಬರೆಲ್ಲ ಆಫೀಸಿನ ಫೋನಲ್ಲೇ ಹೋಯ್ತು. ನನ್ನ ಹತ್ರ ಇದ್ದಿದ್ದು ನಿನ್ನದೊಂದೇ. ಕೊಟ್ಟಿದ್ದೀನಿ."

ಮುಳ್ಳಕ್ಕ ಫೋನು ಇಟ್ಟಳು.

ವಿಷಯ ಕೇಳಿ ಗಂಡನ ಪಿತ್ತ ನೆತ್ತಿಗೇರಿತು. "ಕುಡೀತಾರೆ ಅನ್ನು. ಹೆಣ್ಮಕ್ಕಳ ಜೊತೆ ಸರಿಯಿಲ್ಲ ಅನ್ನು. ಒಂದು ಮಾತು ಸಾಕು, ಕೆಲಸ ನಿನ್ನ ಬಾಗಿಲಿಗೇ ಬರುತ್ತೆ." ಅವಳು ಬೇಡವೆನ್ನಲಿಲ್ಲ. ಪಾತ್ರೆ ತಿಕ್ಕುವಾಗಲೂ ಮಗಳ ಯೂನಿಫಾರ್ಮ್ ಒಣಹಾಕುವಾಗಲೂ ಆ ಒಂದು ಮಾತನ್ನು ಬಾಯಿಯಲ್ಲೇ ಹೊರಳಾಡಿಸುತ್ತಿದ್ದಳು. ಅದಕ್ಕೆ ರುಚಿಯೂ ಇತ್ತು ಎಂದರೆ ಸುಳ್ಳಲ್ಲ.

ಮರುದಿನ ಏಜೆಂಟನ ಫೋನು ಬಂತು. ವಾರವಿಡೀ ಇವಳ ಫೋನು ಎತ್ತದವನು ಏನೂ ಆಗಿಲ್ಲವೆಂಬಂತೆ, "ಹೇಗಿದ್ದೀರಿ ಮೇಡಂ? ಎರಡೇ ನಿಮಿಷ ಮೇಡಂ," ಎಂದ. ಗಂಡ ಯಂತ್ರ ನಿಲ್ಲಿಸಿದ.

"ಇವರು ಹೊತ್ತಿಗೆ ಸರಿಯಾಗಿ ಬರ್ತಿದ್ರಾ ಮೇಡಂ?"

"ಎಲ್ಲರಿಗಿಂತ ಮುಂಚೆ."

"ಕೈಕೆಳಗಿನವರ ಜೊತೆ ಹೇಗೆ ಮೇಡಂ?"

ಈಗ ಹೇಳಬೇಕಿತ್ತು. ಬಾಯಿ ತೆರೆದಳು. ಕೂಗಾಡುವವರ ಎದುರು ಅಡ್ಡ ನಿಂತ ಆ ಬೆನ್ನು ಕಣ್ಣ ಮುಂದೆ ಬಂತು. ಅದು ಬಂದದ್ದಕ್ಕೇ ಅವಳಿಗೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು!

"ನಮ್ಮ ಪರವಾಗಿ ಬೈಸಿಕೊಳ್ತಿದ್ರು," ಎಂದಳು.

ಗಂಡ ಹಣೆ ಚಚ್ಚಿಕೊಂಡು ಹೊರಗೆ ಹೋದ.

"ಕೊನೇ ಪ್ರಶ್ನೆ ಮೇಡಂ. ಅವಕಾಶ ಸಿಕ್ಕಿದ್ರೆ ಮತ್ತೆ ಇವರ ಕೈಕೆಳಗೆ ಕೆಲಸ ಮಾಡ್ತೀರಾ?"

ಎಲ್ಲ ಏಜೆಂಟರೂ ಕೇಳುವ ಪ್ರಶ್ನೆ, ಅರ್ಥವಿಲ್ಲದೆ ಕೇಳುವಂಥದ್ದು. ಆದರೆ ಅವಳ ತಲೆ ಅಷ್ಟರಲ್ಲಿ ಲೆಕ್ಕ ಹಾಕಿಬಿಟ್ಟಿತ್ತು. ಅಷ್ಟು ದೊಡ್ಡ ಫ್ಯಾಕ್ಟರಿ. ಆ ವಯಸ್ಸಿನವರು ಒಬ್ಬರೇ ಗೇಜು ನೋಡಲು ಎಷ್ಟು ಏಣಿ ಹತ್ತಿಳಿಯುತ್ತಾರೆ? ಹೊರಗೆ ಗೇಟಿನ ಸದ್ದಾಯಿತು. ಮಗಳು ಶಾಲೆಯಿಂದ ಬಂದವಳು, ಬ್ಯಾಗು ಹೊತ್ತುಕೊಂಡೇ ಪಕ್ಕದ ಮನೆಗೆ ಹೋದಳು.

"ಮಾಡ್ತೀನಿ," ಎಂದಳು ಮುಳ್ಳಕ್ಕ. ಆಮೇಲೆ, ಜನ್ಮದಲ್ಲಿ ಯಾವ ಏಜೆಂಟನ ಹತ್ತಿರವೂ ಆಡದ ದನಿಯಲ್ಲಿ, "ಅವರಿಗೆ ಸಹಾಯಕ್ಕೆ ಅಂತ ಯಾರಾದ್ರೂ ಬೇಕಾಗಬಹುದು ಸಾರ್. ಗುತ್ತಿಗೆ ಆದ್ರೂ ಪರವಾಗಿಲ್ಲ. ಸ್ವಲ್ಪ ವಿಚಾರಿಸಿ ನೋಡ್ತೀರಾ?" ಎಂದು ಕೇಳಿದಳು.