ಕಸಿ ಚಾಕುವಿನ ಸ್ಪ್ರಿಂಗು

ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ, ಹಾಲಿನ ಬೂತಿನ ಪಕ್ಕ, ಲತಾಮಣಿಯ ಸಾಣೆ ಅಂಗಡಿ. ಅಂಗಡಿ ಎಂದರೆ ಒಂದು ಮೋಟಾರು ಸಾಣೆ, ಒಂದು ಚಪ್ಪಡಿ ಕಲ್ಲು, ಎರಡು ಸ್ಟೂಲು, ಮೇಲೊಂದು ನೀಲಿ ಟಾರ್ಪಾಲು. ಅವಳ ಬಾಯಿಯೂ ಸಾಣೆ ಹಿಡಿದದ್ದೇ. ಮೊಂಡು ಕತ್ತರಿ ತಂದ ಟೈಲರುಗಳು ಮೊದಲು ಬೈಸಿಕೊಂಡು ಆಮೇಲೆ ಕೂರುತ್ತಾರೆ. ಆದರೂ ಬೇರೆ ಕಡೆ ಹೋಗುವುದಿಲ್ಲ. ಅವಳ ಕೈಗೆ ಸಿಕ್ಕ ಕಬ್ಬಿಣ ಹೇಳಿದ ಮಾತು ಕೇಳುತ್ತದೆ ಎಂದು ಎಲ್ಲರಿಗೂ ಗೊತ್ತು. ಅವಳಿಗಂತೂ ಚೆನ್ನಾಗಿಯೇ ಗೊತ್ತು.

ಕೆಲಸ ಕಲಿಸಿದ್ದು ಮಾವ ಯಲ್ಲಯ್ಯ, ಸೈಕಲ್ಲಿಗೆ ಸಾಣೆ ಕಟ್ಟಿಕೊಂಡು ಜಯನಗರವನ್ನೆಲ್ಲ ಸುತ್ತಿದ ಮನುಷ್ಯ. ಸೊಸೆಗೆ ಆತ ಬಿಟ್ಟುಹೋದ ಆಸ್ತಿ ಒಂದು ಸಣ್ಣ ಸುತ್ತಿಗೆ, ಒಂದು ಮಾತು: “ಮೊದ್ಲು ತೊಳಿ, ಆಮೇಲೆ ಬೈ.”

ಒಂದು ಸೋಮವಾರ ಬೆಳಿಗ್ಗೆ ಪುಟ್ಟೇನಹಳ್ಳಿಯಿಂದ ಚಿಕ್ಕಬೈರಪ್ಪ ಬಂದರು. ಎಪ್ಪತ್ತು ದಾಟಿದವರು. ರಾಗಿ ಬೆಳೆದ ಹೊಲದಲ್ಲಿ ಬಾಡಿಗೆ ಮನೆಗಳೆದ್ದು ಎಷ್ಟೋ ವರ್ಷವಾಗಿತ್ತು. ಆದರೆ ತಾರಸಿಯ ಮೇಲೆ ಗುಲಾಬಿ ಗಿಡಗಳಿಗೆ ಕಸಿ ಕಟ್ಟುವ ಹುಚ್ಚು ಬಿಟ್ಟಿರಲಿಲ್ಲ. ಬಲಗೈ ತೋರುಬೆರಳಿಗೆ ಬ್ಯಾಂಡೇಜಿತ್ತು. ಮರದ ಹಿಡಿಯ ಮಡಚುವ ಚಾಕುವನ್ನು ಕಲ್ಲಿನ ಮೇಲಿಟ್ಟರು. ಚಾಕು ಕೈಯಿಂದ ಕೈಗೆ ಹೋದರೆ ಜಗಳ ಹತ್ತುತ್ತದೆಂದು ಇಬ್ಬರಿಗೂ ನಂಬಿಕೆ.

“ತಾನಾಗೇ ಮಡಚ್ಕೊಂಡು ಬೆರಳು ಕಚ್ತು ಕಣಮ್ಮ. ಸ್ಪ್ರಿಂಗ್ ಸತ್ತೋಗಿದೆ. ಬಿಸಿ ಮಾಡಿ ಬಗ್ಸಿ ಅಂತ ಹಾರ್ಡ್‌ವೇರ್ ಅಂಗಡಿಯವ್ನು ಹೇಳ್ದ. ಇದು ಸರಿಹೋಗ್ಲಿಲ್ಲ ಅಂದ್ರೆ ಕಸಿ ಕೆಲ್ಸಾನೇ ಬಿಡ್ಬೇಕು ಅಂತ ಮಗಳು ದಿವ್ಯ ಆಣೆ ಹಾಕ್ಸವ್ಳೆ. ಬೇರೆ ಚಾಕು ನನ್ ಕೈಗೆ ಕೂರಲ್ಲ.”

“ಬಿಸಿ ಮಾಡಿದ್ರೆ ಉಕ್ಕಿನ ಹದ ಹೋಗಿ ತಗಡಾಗುತ್ತೆ. ಅವನಿಗೆ ಮೊಳೆ ಮಾರ್ಕೊಂಡಿರಕ್ಕೆ ಹೇಳಿ ಯಜಮಾನ್ರೇ.”

ಲತಾಮಣಿ ಚಾಕು ಬಿಡಿಸಿದಳು. ಟಕ್ಕೆಂದು ನಿಲ್ಲಬೇಕಾದ ಅಲಗು ಸದ್ದಿಲ್ಲದೆ ತೂಗಾಡಿತು. ಮಧ್ಯದ ರಿವೆಟ್ಟು ಕಳಚಿ, ಬೆನ್ನಿನ ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಗ್ಗಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಸುತ್ತಿಗೆ ಎತ್ತಿಯೂ ಬಿಟ್ಟಳು. ಆದರೆ ಹಳೇ ಉಕ್ಕು, ಲಟಕ್ಕೆಂದರೆ ಅಂಥದು ಇನ್ನೊಂದು ಸಿಗದು. ಅದರ ಜೊತೆಗೆ ಈ ಮನುಷ್ಯನ ಗುಲಾಬಿಯೂ ಮುಗಿದಂತೆ. ಮಾವನ ಮಾತು ನೆನಪಾಗಿ ಸುತ್ತಿಗೆ ಕೆಳಗಿಟ್ಟಳು.

ಚಾಕುವನ್ನು ಅರ್ಧ ಗಂಟೆ ಡೀಸೆಲ್ಲಿನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಿಂದ ಸಂದಿಯನ್ನು ಕೆರೆದಳು. ಕೆಂಪು ಅಂಟು ಬಂತು. ಕೆರೆದಷ್ಟೂ ಬಂತು. ಗಟ್ಟಿಯಾದ ಎಣ್ಣೆ, ಕುಂಕುಮ, ಅರಿಶಿನ, ಗಂಧ. ಇಷ್ಟೆಲ್ಲ ಕೆಳಗೆ ಕೂತಿದ್ದರೆ ಪಾಪ ಸ್ಪ್ರಿಂಗು ಇಳಿದು ಅಲಗನ್ನು ಅದುಮಿ ಹಿಡಿಯುವುದು ಹೇಗೆ?

“ಸ್ಪ್ರಿಂಗ್ ಗಟ್ಟಿಮುಟ್ಟಾಗಿದೆ ಯಜಮಾನ್ರೇ! ಒಳಗೆ ಒಂದು ಗ್ರಂಧಿಗೆ ಅಂಗಡಿನೇ ಇದೆ. ಯಾವ ಪುಣ್ಯಾತ್ಗಿತ್ತಿ ತುಂಬಿದ್ದು?”

ಚಿಕ್ಕಬೈರಪ್ಪ ಬಗ್ಗಿ ಆ ಕೆಂಪು ಅಂಟನ್ನು ನೋಡಿದರು.

“ನಮ್ಮನೆಯೋಳು, ಪಾರ್ವತಿ. ಪ್ರತಿ ಆಯುಧಪೂಜೆಗೂ ಅರಿಶಿನ ಕುಂಕುಮ ಸಂದಿಗೇ ಇಡೋಳು, ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ನನ್ ಬೆರಳು ಕುಯ್ಯಬಾರ್ದು ಅಂತ. ಅವ್ಳು ಹೋಗಿ ಎರಡು ವರ್ಷ ಆಯ್ತು.”

ಲತಾಮಣಿ ನಾಲಿಗೆ ಕಚ್ಚಿಕೊಂಡಳು. ಯಾರ ಮುಂದೆಯೂ ಬಗ್ಗದ ಹೆಂಗಸಿನ ಕಣ್ಣು ತುಂಬಿತು. ಎಸೆಯಲು ಹೊರಟಿದ್ದ ಕೆಂಪು ಅಂಟನ್ನು ಒಂದು ಕಾಗದಕ್ಕೆ ಒರೆಸಿ, ಮಡಚಿ, ಅವರ ಕೈಗಿತ್ತಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗಿಟ್ಟರು.

ಆಮೇಲೆ ಚಾಕುವಿಗೆ ಒಂದೇ ತೊಟ್ಟು ಮಿಷನ್ ಎಣ್ಣೆ. ಬಿಡಿಸಿದಳು: ಟಕ್! ಮಡಚಿದಳು: ಟಕ್! ಹಾಲಿನ ಬೂತಿನವನೂ ತಿರುಗಿ ನೋಡಿದ. ಇದು ನಾಳೆಯೂ ಹೀಗೇ ನಿಲ್ಲುತ್ತದೆಂದು ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಚಾಕುವನ್ನು ಕಲ್ಲಿನ ಮೇಲಿಟ್ಟಳು.

ಚಿಕ್ಕಬೈರಪ್ಪ ಎತ್ತಿಕೊಂಡು ಏಳೆಂಟು ಸಲ ಬಿಡಿಸಿ ಮಡಚಿದರು.

“ಈಗ ಕುಂಕುಮ ನಾನೇ ಇಡ್ಬೇಕು,” ಎಂದರು. “ಎಲ್ಲಿಡ್ಲಿ, ತೋರ್ಸಮ್ಮ.”

ಅವಳು ಮರದ ಹಿಡಿಯನ್ನು ತೋರಿಸಿದಳು.

“ಇಲ್ಲಿಡಿ. ಪಾರ್ವತಮ್ಮೋರು ಇಡ್ತಿದ್ದಷ್ಟೇ ಇಡಿ, ಕಮ್ಮಿ ಮಾಡ್ಬೇಡಿ.”