ಪಾಪರ್ ಕಟ್ಟಲೋ, ಹುಳು ಕಟ್ಟಲೋ

ಗಾಳಕ್ಕೆ ಕಟ್ಟುವ ನಕಲಿ ಎರೆಗೆ ಇಲ್ಲಿ ಅಮೆರಿಕದವರು ಲೂರ್ ಎನ್ನುತ್ತಾರೆ. ನನ್ನ ಡಬ್ಬಿಯಲ್ಲಿ ಹತ್ತಾರು ಲೂರ್‌ಗಳಿದ್ದರೂ ನಾನು ಬಳಸುವುದು ಎರಡನ್ನೇ. ಒಂದು ರಬ್ಬರಿನ ಹುಳು. ಕುಂಬಳಕಾಯಿ ಸಿಪ್ಪೆಯಂಥ ಮಂಕು ಹಸಿರು, ಮೈತುಂಬ ಕಪ್ಪು ಚುಕ್ಕೆ. ಅದನ್ನು ಕೆರೆಯ ತಳಕ್ಕೆ ಇಳಿಸಿ, ಏನೂ ಕೆಲಸವಿಲ್ಲದವರ ಹಾಗೆ ನಿಧಾನವಾಗಿ ಎಳೆಯಬೇಕು. ಇನ್ನೊಂದು ಪಾಪರ್. ಕೆಂಪು ತಲೆ, ಬಿಳಿ ಮೈ, ಮುಖದಲ್ಲಿ ಬಟ್ಟಲಿನಂಥ ಗುಳಿ. ಅದು ನೀರಿನ ಮೇಲೆ ತೇಲುತ್ತದೆ. ದಾರ ಜಗ್ಗಿದರೆ ಬುಳುಕ್ ಎಂದು ನೀರು ಉಗುಳುತ್ತದೆ. ಹುಳುವಿಗೆ ಬಾಸ್ ಮೀನು ಹೆಚ್ಚು ಬೀಳುತ್ತದೆ. ಪಾಪರಿಗೆ ಬೀಳುವುದು ಅಪರೂಪ, ಆದರೆ ಬಿದ್ದಾಗ ನೀರು ಒಡೆದು ಮೀನು ಮೇಲೇಳುವುದನ್ನು ಕಣ್ಣಾರೆ ನೋಡಬಹುದು. ಎರಡರಲ್ಲಿ ಯಾವುದನ್ನು ಕಟ್ಟಬೇಕೆಂದು ನನಗೆ ಇವತ್ತಿಗೂ ಬೇಗ ತೀರ್ಮಾನವಾಗುವುದಿಲ್ಲ. ಇಬ್ಬರಿದ್ದಾಗ ಅದು ಸುಲಭವಿತ್ತು, ಏಕೆಂದರೆ ನಾವು ಜಗಳವಾಡುತ್ತಿದ್ದೆವು.

ಇನ್ನೊಬ್ಬರು ಕ್ಯಾರಿ ಎಂಬ ಈ ಊರಿನಲ್ಲಿ ನಮ್ಮ ಟೌನ್‌ಹೌಸ್ ಸಾಲಿನ ಕೊನೆಯ ಮನೆಯಲ್ಲಿದ್ದ ಆಂಟಿ. ಮಂಗಳೂರಿನ ಕ್ಯಾಥೊಲಿಕ್ ಮನೆಯವರು, ನರ್ಸ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಜಾರ್ಜಿಯಾದ ಸುವಾನಿಯಲ್ಲಿದ್ದ. ೨೦೨೦ರ ಬೇಸಿಗೆಯವರೆಗೆ ನಮ್ಮದು ಕೈಬೀಸುವ ಪರಿಚಯ ಮಾತ್ರ. ಆ ವರ್ಷ ಎಲ್ಲರೂ ಮನೆಯೊಳಗೆ ಕೂತಿದ್ದಾಗ ನನ್ನ ಗಂಡ ಉತ್ಸಾಹದಿಂದ ಎರಡು ಫಿಶಿಂಗ್ ರಾಡ್ ತಂದು, ಎರಡೇ ವಾರದಲ್ಲಿ ಬೇಸರಗೊಂಡು ಗರಾಜಿನಲ್ಲಿ ಒರಗಿಸಿದ್ದರು. ಇಡೀ ದಿನದ ಆನ್‌ಲೈನ್ ಮೀಟಿಂಗ್‌ಗಳಿಂದ ತಲೆಕೆಟ್ಟು ನಾನು ಒಂದು ಬೆಳಿಗ್ಗೆ ಅವನ್ನು ಕಾರಿಗೆ ತುಂಬುತ್ತಿದ್ದೆ.

"ಎಂತ ಮಾರಾಯ್ತಿ, ಗಾಳ ಹಿಡ್ಕೊಂಡು ಎಲ್ಲಿಗೆ ಹೊರಟದ್ದು?" ಎಂದು ಆಂಟಿ ರಸ್ತೆಯ ಆಚೆಯಿಂದಲೇ ಕೂಗಿದರು.

"ಲೇಕ್ ಹತ್ರ ಆಂಟಿ. ಸುಮ್ನೆ ಟ್ರೈ ಮಾಡೋಣ ಅಂತ."

"ಮೈಸೂರಿನವಳು ಮೀನು ಹಿಡಿಯುವುದಾ? ನಿಲ್ಲು, ನಾನೂ ಬರ್ತೇನೆ. ನೋಡ್ಲಿಕ್ಕಾದ್ರೂ ಆಯ್ತು."

ಮಾಸ್ಕ್ ಹಾಕಿಕೊಂಡು ತಮ್ಮ ಕಾರಿನಲ್ಲೇ ಹಿಂದೆ ಬಂದರು. ಆ ಕೆರೆಯ ಮೀನು ತಿನ್ನಬೇಡಿ ಎಂಬ ಬೋರ್ಡನ್ನು ಓದಿ ಅವರಿಗೆ ಸಿಟ್ಟೇ ಬಂತು. "ಹಿಡಿದದ್ದನ್ನು ಬಿಡ್ಲಿಕ್ಕೆ ಇಷ್ಟು ದೂರ ಬರುವುದಾ? ಇಲ್ಲಿಯವರಿಗೆ ಮಂಡೆ ಸರಿ ಉಂಟಾ?" ಎಂದರು. ಆದರೂ ಮುಂದಿನ ಶನಿವಾರ ಮಡಚುವ ಕುರ್ಚಿ, ಥರ್ಮಾಸ್‌ನಲ್ಲಿ ಚಹಾ ಸಮೇತ ನನಗಿಂತ ಮೊದಲೇ ಬಂದು ಕೂತಿದ್ದರು.

ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನಡೆಯಿತು. ನಾನು ದಿನಚರಿ ಬರೆಯುವವಳು. ಆದರೆ ಆ ಶನಿವಾರಗಳ ಬಗ್ಗೆ ಬರೆದಿರುವುದು ಮೋಡ, ಗಾಳಿ, ನೀರಿನ ಬಣ್ಣ, ಇಷ್ಟೇ. ಆಂಟಿ ಆಡಿದ ಮಾತು ಒಂದೂ ಇಲ್ಲ. ಹಾಗಾಗಿ ಇಲ್ಲಿ ಬರುವ ಮಾತುಗಳೆಲ್ಲ ನೆನಪಿನಿಂದ ಎತ್ತಿದವು. ನನ್ನ ನೆನಪು ನನಗೆ ಬೇಕಾದ ಹಾಗೆ ಮಾತು ತಿದ್ದುತ್ತದೆ ಎಂಬುದು ನನಗೆ ಗೊತ್ತು.

ಆಂಟಿಯ ಕಣ್ಣಿಗೆ ಗಾಳದ ಸಣ್ಣ ದಾರ ಕಾಣುತ್ತಿರಲಿಲ್ಲ. ಅವರ ಲೂರನ್ನೂ ನಾನೇ ಗಂಟು ಹಾಕಿ ಕೊಡಬೇಕಿತ್ತು. ಪ್ರತಿ ಸಲವೂ "ಯಾವುದು ಕಟ್ಟಲಿ?" ಎಂದು ಕೇಳಿದ ಕೂಡಲೇ ಚರ್ಚೆ ಶುರು. ಅವರು ಪಾಪರಿನ ಪಕ್ಷ.

"ಹುಳುವನ್ನೇ ಹಾಕಿ ಆಂಟಿ. ಬಿಸಿಲು ಬಂತು, ಮೀನು ಕೆಳಗೆ ಹೋಗಿರತ್ತೆ."

"ನಿನ್ನ ಹುಳು ಬೇಡ. ಅದರ ವಾಸನೆ ನೋಡು, ಸೋಂಪಿನದ್ದು! ಮೀನಿಗೆ ಊಟಕ್ಕೆ ಮೊದಲೇ ಸೋಂಪು ಕೊಡ್ತೀಯಾ?"

"ಅದಕ್ಕೇ ನನಗೆ ಬೀಳತ್ತೆ, ನಿಮಗೆ ಬೀಳಲ್ಲ."

"ಬೀಳುವುದು ಬೇಡ. ಕೆಳಗೆ ಏನಾಗ್ತದೆ ಅಂತ ಕಾಣದೆ ದಾರ ಹಿಡ್ಕೊಂಡು ಕೂರ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಪಾಪರ್ ಕಟ್ಟು, ಹೆಚ್ಚು ಮಾತಾಡ್ಬೇಡ."

ಕೊನೆಗೆ ಯಾರೋ ಒಬ್ಬರು ಸೋಲುತ್ತಿದ್ದೆವು. ಒಂದು ಗಂಟೆ ಕಳೆದ ಮೇಲೆ ಮತ್ತೆ ಬಿಚ್ಚಿ ಇನ್ನೊಂದನ್ನು ಕಟ್ಟುವುದು, ಮತ್ತೆ ಅದೇ ಮಾತು. ಹಿಡಿದ ಮೀನುಗಳಲ್ಲಿ ಒಂದೆರಡು ಮಾತ್ರ ನೆನಪಿವೆ. ಆ ವಾದಗಳು ಬಹಳಷ್ಟು ನೆನಪಿವೆ.

೨೦೨೧ರ ವಸಂತದಲ್ಲಿ, ಇಬ್ಬರಿಗೂ ಲಸಿಕೆ ಆದ ಮೇಲೆ, ಅವರು ನನ್ನ ಕಾರಿನಲ್ಲೇ ಬರತೊಡಗಿದರು. ಅಂಥ ಒಂದು ಬೆಳಿಗ್ಗೆ ಚಹಾ ಬಗ್ಗಿಸುತ್ತಾ ಹೇಳಿದರು. "ಮಗ ಬರ್ಲಿಕ್ಕೆ ಹೇಳ್ತಾನೆ. ಮನೆ ಮಾರಿ ಬಾ, ಒಬ್ಬಳೇ ಯಾಕೆ ಅಂತ. ಹೋಗುವುದಾ ಅಂತ ನೋಡ್ತಿದ್ದೇನೆ."

ನಾನು ಹೇಳಿದ್ದು ಇದು. ಇದರಲ್ಲಿ ಅನುಮಾನವಿಲ್ಲ, ಅನುಮಾನವಿರಲಿ ಎಂದು ನಾನು ಎಷ್ಟೋ ಸಲ ಬಯಸಿದ್ದೇನೆ. "ಒಳ್ಳೇದಾಯ್ತಲ್ಲ ಆಂಟಿ. ಮೊಮ್ಮಗಳ ಜೊತೆ ಇರ್ಬಹುದು. ಈಗ ಮಾರ್ಕೆಟ್ ಕೂಡ ಚೆನ್ನಾಗಿದೆ, ಮನೆ ಮಾರಾಟಕ್ಕಿದೆ ಅಂತ ಲಿಸ್ಟ್ ಮಾಡಿದ್ರೆ ಒಂದು ವೀಕೆಂಡಲ್ಲಿ ಹೋಗತ್ತೆ."

"ಹ್ಞಾಂ. ಅದೂ ಹೌದು," ಎಂದರು. ಥರ್ಮಾಸ್ ಮುಚ್ಚಳ ತಿರುಗಿಸುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಳೆದರು ಎಂದು ನನಗನ್ನಿಸುತ್ತದೆ. ಇದು ಮಾತ್ರ ಆಮೇಲೆ ಸೇರಿಸಿಕೊಂಡದ್ದಿರಬಹುದು.

ಮೈಸೂರಿನ ನಮ್ಮ ಮನೆಯಲ್ಲಿ ನೆಂಟರು "ಇನ್ನು ಹೊರಡ್ತೀವಿ" ಎಂದು ಎದ್ದರೆ ಅಮ್ಮಿ ಅವರ ಚಪ್ಪಲಿಯಲ್ಲಿ ಒಂದನ್ನು ಬಚ್ಚಿಡುತ್ತಿದ್ದರು. ಬಿರಿಯಾನಿ ಆಗ್ತಿದೆ, ಮಗು ಮಲಗಿದೆ, ಹೊರಗೆ ಬಿಸಿಲು, ಒಂದಲ್ಲ ಒಂದು ನೆಪ. ಹೊರಡುತ್ತೇನೆ ಎಂದವರನ್ನು ಒಂದೇ ಮಾತಿಗೆ ಹೋಗಲು ಬಿಡುವುದು ಅವರ ಮುಖಕ್ಕೆ ಬಾಗಿಲು ಹಾಕಿದಂತೆ ಎಂಬುದು ಅಮ್ಮಿಯ ಲೆಕ್ಕ. ಹೋಗುವವರು ಹೇಗೂ ಹೋಗುತ್ತಾರೆ. ಆದರೆ ಇರಿ ಎನ್ನಿಸಿಕೊಂಡು ಹೋಗಬೇಕು. ಆ ಮನೆಯಲ್ಲೇ ಬೆಳೆದ ನಾನು ಇಲ್ಲಿಗೆ ಬಂದು, ಜನ ಹೇಳಿದ್ದನ್ನು ಹೇಳಿದಷ್ಟೇ ಎಂದು ತೆಗೆದುಕೊಳ್ಳುವುದನ್ನು ಕಲಿತಿದ್ದೆ. ಆಫೀಸಿನಲ್ಲಿ ಯಾರಾದರೂ ಕೆಲಸ ಬಿಡುತ್ತೇನೆ ಎಂದರೆ ಅಭಿನಂದನೆ ಹೇಳುತ್ತೇವೆ. ತಾಯಿ ಮಗನ ನಡುವೆ ನಾನು ಬಾಯಿ ಹಾಕಬಾರದು ಎಂಬ ಸಭ್ಯತೆಯೂ ಅದಕ್ಕೆ ಸೇರಿಕೊಂಡಿತು. ನಿಜಕ್ಕೂ ಅದು ಸಭ್ಯತೆಯೋ, ಅಥವಾ ಅವರು ಉಳಿದರೆ ಮುಂದೆ ಅವರ ಆಸ್ಪತ್ರೆ ಓಡಾಟವೆಲ್ಲ ನನ್ನ ತಲೆಗೆ ಬಂದೀತೆಂಬ ಅಂಜಿಕೆ ಎಲ್ಲಾದರೂ ಇತ್ತೋ, ಹೇಳಲಾರೆ. ಇರಲಿಲ್ಲ ಎಂದು ಆಣೆ ಇಡಲು ನನಗೆ ಧೈರ್ಯವಿಲ್ಲ.

ಮನೆ ಬೇಗನೇ ಮಾರಾಟವಾಯಿತು. ಹೊರಡುವ ಮೊದಲಿನ ಶನಿವಾರ ಇಬ್ಬರೂ ಕೆರೆಗೆ ಹೋದೆವು. ಮೋಡ ಕವಿದಿತ್ತು. ಗಾಳಿ ಇದ್ದೂ ಇಲ್ಲದ ಹಾಗೆ. ಅಂಥ ದಿನ ಹುಳುವೂ ಸರಿ, ಪಾಪರೂ ಸರಿ. ನಾನು ಅವರ ರಾಡನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದೆ. "ಯಾವುದು ಕಟ್ಟಲಿ?"

"ನೀನೇ ಹೇಳು."

"ನಿಮ್ಮಿಷ್ಟ ಆಂಟಿ."

ಹೊರಟವರೊಂದಿಗೆ ಇವತ್ತಾದರೂ ವಾದ ಬೇಡ, ಅವರಿಗೆ ಬೇಕಾದ್ದೇ ಆಗಲಿ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ಎಂತ, ಇವತ್ತು ಜಗಳ ಇಲ್ವಾ?"

"ಇಲ್ಲ. ಇವತ್ತು ನೀವು ಹೇಳಿದ್ದೇ."

"ಹಾಗಾದ್ರೆ ಹುಳು ಕಟ್ಟು," ಎಂದರು.

ಪಾಪರ್ ಡಬ್ಬಿಯ ಮೇಲೇ ಇತ್ತು. ಬೇಡ ಆಂಟಿ, ನಿಮಗೆ ಅದು ಇಷ್ಟವಿಲ್ಲ ಎನ್ನಬಹುದಿತ್ತು. ನಾನು ಹುಳುವನ್ನು ಕಟ್ಟಿ ಕೊಟ್ಟೆ. ನನ್ನದಕ್ಕೂ ಅದನ್ನೇ ಕಟ್ಟಿಕೊಂಡೆ. ಇಬ್ಬರೂ ಕಾಣದ ತಳದಲ್ಲಿ ಹುಳು ಎಳೆಯುತ್ತಾ ಕೂತೆವು. ಅವರಿಗೆ ಬೇಸರವಾದದ್ದು ಗೊತ್ತಾಗುತ್ತಿತ್ತು, ಆದರೂ ಬದಲಿಸು ಎನ್ನಲಿಲ್ಲ. ಒಮ್ಮೆ ಎದುರು ದಡದ ಬಿದ್ದ ಮರದ ಹತ್ತಿರ ದೊಡ್ಡ ಮೀನೊಂದು ಏನನ್ನೋ ಹಿಡಿಯಲು ಮೇಲೆದ್ದು ನೀರು ಚಿಮ್ಮಿಸಿತು. ಪಾಪರ್ ಎಸೆಯಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಇಬ್ಬರೂ ನೋಡಿದೆವು. ಮತ್ತೆ ಹುಳುವನ್ನೇ ಎಳೆದೆವು. ನನ್ನ ಹುಳುವಿಗೆ ಸಣ್ಣದೊಂದು ಬಾಸ್ ಬಿತ್ತು, ಬಿಟ್ಟೆ. ಎಂದಿಗಿಂತ ಬೇಗ ಮನೆಗೆ ಬಂದೆವು.

ಸುವಾನಿಗೆ ಇಲ್ಲಿಂದ ಆರೇಳು ಗಂಟೆಯ ಡ್ರೈವ್. ಒಂದು ಸಲ ಹೋಗಿ ಬಂದಿದ್ದೇನೆ. ಮಗ ಸೊಸೆ ಒಳ್ಳೆಯವರು. ಆಂಟಿಯ ರಾಡು ಅಲ್ಲಿ ಕಾಣಲಿಲ್ಲ, ನಾನು ಕೇಳಲಿಲ್ಲ. ಮಂಡಿ ನೋವಿನವರನ್ನು ನೀರಿನ ಅಂಚಿಗೆ ಕಳಿಸಲು ಮಗನಿಗೆ ಹೆದರಿಕೆಯಂತೆ. ಮೊಮ್ಮಗಳ ಶಾಲೆ, ಊಟದ ಡಬ್ಬಿ, ಚರ್ಚು, ಇದರಲ್ಲಿ ದಿನ ಹೋಗುತ್ತದೆ ಎಂದರು ಆಂಟಿ.

ಕಳೆದ ಶರತ್ಕಾಲದ ಒಂದು ಮಧ್ಯಾಹ್ನ ಅವರಿಗೆ ಫೋನ್ ಮಾಡಿದ್ದಾಗ, ಅದೂ ಇದೂ ಮಾತಾಡಿ ಕೊನೆಗೆ ಕೇಳಿಯೇಬಿಟ್ಟೆ.

"ಆಂಟಿ, ಅವತ್ತು ನಾನು ಹೋಗ್ಬೇಡಿ ಅಂದಿದ್ರೆ ಇರ್ತಿದ್ರಾ?"

"ಎಂತ ಈಗ ಅದು?"

"ಸುಮ್ನೆ. ಹೇಳಿ."

"ಇಲ್ಲ ಮಾರಾಯ್ತಿ. ಮಗ ಕರೆದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ತದಾ?" ಆಮೇಲೆ, "ಆದ್ರೆ ನೀನೊಮ್ಮೆ ಹೇಳ್ಬೇಕಿತ್ತು. ಹೇಳ್ತಿ ಅಂತ ನಾನು ಕಾದಿದ್ದೆ," ಎಂದರು.

ಸಿಟ್ಟಿನ ದನಿಯಲ್ಲ. ಅಷ್ಟರಲ್ಲಿ ಶಾಲೆಯ ಬಸ್ಸು ಬಂದ ಸದ್ದು, ಮೊಮ್ಮಗಳು ಇಂಗ್ಲಿಷಿನಲ್ಲಿ ಏನನ್ನೋ ದೂರುವ ದನಿ. "ಮಗು ಬಂತು, ಇಡ್ತೇನೆ," ಎಂದು ಇಟ್ಟರು.

ಅವರು ಇಲ್ಲ ಎಂದಾಗ ನನ್ನ ಮನಸ್ಸು ಹಗುರವಾದದ್ದು ನಿಜ. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲವೂ ಸುಳ್ಳಾಗುತ್ತದೆ. ಆ ಹಗುರ ಅವರ ಮುಂದಿನ ಮಾತಿನವರೆಗೆ ಮಾತ್ರ ಇತ್ತು.