ಅಳತೆ ಪುಸ್ತಕದ ಒಂಟಿ ಅಕ್ಷರಗಳು

ಕೇಶ್ವಾಪುರದಲ್ಲಿ ನಮ್ಮ ಮನೆಯ ಹೆಂಗಸರ ಬ್ಲೌಸ್‌ಗಳನ್ನೆಲ್ಲ ಹೊಲಿಯುವ ಟೇಲರ್ ಅಕ್ಕಾರು ಒಬ್ಬರಿದ್ದಾರೆ. ಅವರ ಅಳತೆ ಪುಸ್ತಕದಲ್ಲಿ ಪೂರ್ತಿ ಬರೆದ ಪದ ಒಂದೂ ಇಲ್ಲ. ‘ಕ’ ಎಂದರೆ ಒಂದು ಕಡೆ ಕತ್ತು, ಇನ್ನೊಂದು ಕಡೆ ಕಂಕುಳು, ಪುಟದ ಅಂಚಿನಲ್ಲಿದ್ದರೆ ಕಸೂತಿ. ನಾನೋ ಕಾಲೇಜೊಂದರ ಆಫೀಸಿನಲ್ಲಿ ಅರ್ಜಿ ತಿದ್ದುವವಳು. ಅರ್ಧ ಬರೆದದ್ದು ಕಂಡರೆ ಮೈ ಉರಿಯುತ್ತದೆ.

"ಪೂರ್ತಿ ಬರದ್ರ ಶಾಯಿ ತೀರತೈತೇನ್ರಿ ಅಕ್ಕಾರ?" ಎಂದು ಒಮ್ಮೆ ಕೆಣಕಿದ್ದೆ.

"ಹೊಲಿಯಾಕಿನೂ ನಾನ, ಓದಾಕಿನೂ ನಾನ ರಿ," ಎಂದು ನಕ್ಕಿದ್ದರು. ಇಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ಒಂದು ತೋಳೂ ಹೆಚ್ಚುಕಡಿಮೆಯಾಗಿಲ್ಲ, ಅದನ್ನು ಒಪ್ಪಲೇಬೇಕು.

ಹೋದ ವರ್ಷ ಕ್ಯಾನ್ಸರ್ ಎಂದು ಅವ್ವನ ಎಡ ಸ್ತನ ತೆಗೆದರು. ಗುಣವಾದಳು, ಆದರೆ ಮನೆಯ ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ಅವಳ ತಂಗಿಯ ಮಗಳ ಮದುವೆ ಬಂತು. ಹಳೆಯ ಬ್ಲೌಸ್‌ಗಳು ಒಂದು ಬದಿ ಜೋತುಬೀಳುತ್ತಿದ್ದವು. ಹೊಸದು ಹೊಲಿಸೋಣ ಎಂದರೆ, "ಅಕಿ ಎಲ್ಲಾರಿಗೂ ಕೇಳೂಹಂಗ ಅಳತಿ ಒದರ್ತಾಳ. ನಾ ಒಲ್ಲೆ. ಮದವಿಗೂ ಬರಂಗಿಲ್ಲ," ಎಂದು ಮುಖ ತಿರುಗಿಸಿದಳು. ಹೇಳಿದ್ದು ಖರೆಯೇ. ಅಕ್ಕಾರು ಪರದೆಯ ಹಿಂದಿನಿಂದ ಅಳತೆ ಕೂಗುವುದು, ಹೊರಗೆ ಕೂತ ಅವರ ನಾದಿನಿ ಬರೆದುಕೊಳ್ಳುವುದು ಆ ಅಂಗಡಿಯ ರೂಢಿ.

ಜಗಳವಾಡಿಯೇ ಕರೆದೊಯ್ದೆ. ಅಂಗಡಿ ತುಂಬಿತ್ತು. ಅಕ್ಕಾರು ಅವ್ವನ ಮುಖ ನೋಡಿದರು. ಏನು ತಿಳಿಯಿತೋ, ನಾದಿನಿಯ ಕೈಯಿಂದ ಪುಸ್ತಕ ತೆಗೆದುಕೊಂಡೇ ನಮ್ಮಿಬ್ಬರನ್ನೂ ಪರದೆಯ ಹಿಂದೆ ಕರೆದರು. ತುಟಿ ಪಿಟ್ಟೆನ್ನದೆ ಅಳೆದು ತಾವೇ ಬರೆದರು. ಎದೆಗೊಂದು ‘ಎ’, ಎಡಕ್ಕೊಂದು ‘ಎ’.

ಹೊರಗೆ ಬಂದಾಗ, ಕಾಯುತ್ತಿದ್ದ ಹೆಂಗಸೊಬ್ಬಳು ಆ ಪುಟದತ್ತ ಕತ್ತು ಚಾಚಿದಳು. "ಈ ‘ಎ’ ಅಂದ್ರ ಏನ್ರಿ, ಎರಡೆರಡು ಸಲ ಬರದೀರಿ?"

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಎತ್ತರ ರಿ," ಎಂದರು ಅಕ್ಕಾರು, ತಲೆ ಎತ್ತದೆಯೇ.

ನನ್ನ ಭುಜಕ್ಕೂ ಬಾರದ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ಪೂರ್ತಿ ಬರೆಯಿರಿ ಎಂದು ದಿನವಿಡೀ ಜನರನ್ನು ಗದರುವ ನನಗೆ ಆ ಅರ್ಧ ಬರಹಕ್ಕೆ ಕೈಮುಗಿಯಬೇಕು ಅನ್ನಿಸಿತು.

ಬ್ಲೌಸ್ ಬಂದಾಗ ನೋಡಿದರೆ ಎಡಗಡೆ ಒಳಗೆ ಅರಳೆಯ ಮೆತ್ತೆ ಇಟ್ಟು ಹೊಲಿದಿದ್ದರು. ನಾವು ಕೇಳಿರಲಿಲ್ಲ. ಮದುವೆಯಲ್ಲಿ ಅವ್ವ ಎಲ್ಲರಿಗಿಂತ ಮುಂದೆ ನಿಂತು, ಕೈ ಮೇಲೆತ್ತಿ ಅಕ್ಕಿಕಾಳು ಹಾಕಿದಳು.